ಯಾರೂ ಕಾಫಿ ಕುಡಿಯದ ಕಾದಂಬರಿ

ಯಾರೂ ಕಾಫಿ ಕುಡಿಯದ ಒಂದು ಕನ್ನಡ ಕಾದಂಬರಿ ಹುಡುಕಿಕೊಡಿ ಎಂದು ನಿಮ್ಮನ್ನು ಯಾರಾದರೂ ಕೇಳಿದರೆ ಸುಲಭದ ಕೆಲಸ ಎಂದು ಒಪ್ಪಿಕೊಂಡುಬಿಡಬೇಡಿ. ನಾನು ಹುಡುಕಿದ್ದೇನೆ. ಕೊಲೆಯಾದ ಮನೆಗೆ ಬಂದ ಇನ್‌ಸ್ಪೆಕ್ಟರು ಹೆಣ ನೋಡುವ ಮೊದಲೇ ಕಾಫಿ ಕುಡಿಯುತ್ತಾನೆ. ಹೆಣ್ಣು ನೋಡಲು ಬಂದವರು ಕುಡಿಯುತ್ತಾರೆ, ಮದುವೆ ಮುರಿದು ಹೊರಟವರೂ ಕುಡಿದೇ ಹೊರಡುತ್ತಾರೆ. ರಾಜಮಹಾರಾಜರ ಕಾಲದ ಕಥೆಯಲ್ಲಿ ಕಾಫಿ ಇರುವುದಿಲ್ಲವಲ್ಲ ಎಂದು ನೆಮ್ಮದಿಯಾಗಿ ತೆರೆದರೆ ಅಲ್ಲಿ ಪಾನಕ, ಮಜ್ಜಿಗೆ, ಹೊಳೆಯ ತಣ್ಣೀರು. ದೆವ್ವದ ಕಥೆಯಲ್ಲೂ ಹೆದರಿದವನಿಗೆ ಮೊದಲು ಒಂದು ಲೋಟ ನೀರು ಕೊಡುತ್ತಾರೆ.

ನಾನು ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. ಮೂತ್ರಪಿಂಡ ಕೆಟ್ಟವರ ರಕ್ತವನ್ನು ಮಷೀನಿನ ಮೂಲಕ ಹಾಯಿಸಿ, ಕೊಳೆ ತೆಗೆದು, ಮೈಯಲ್ಲಿ ನಿಂತ ಹೆಚ್ಚಿನ ನೀರು ಇಳಿಸಿ, ಮತ್ತೆ ಮೈಗೆ ಬಿಡುವುದು ನಮ್ಮ ಕೆಲಸ. ಇವರಿಗೆ ಮೂತ್ರ ಹೋಗುವುದು ಹೆಸರಿಗೆ ಮಾತ್ರ. ಕುಡಿದದ್ದು ಮೈಯಲ್ಲೇ ಉಳಿಯುತ್ತದೆ. ಮೊದಲು ಕಾಲು ಊದುತ್ತದೆ, ಆಮೇಲೆ ನೀರು ಎದೆಗೇ ತುಂಬಿಕೊಳ್ಳುತ್ತದೆ. ಹಾಗಾಗಿ ದಿನಕ್ಕೆ ಇಷ್ಟೇ ಎಂದು ಅಳತೆ. ಮಾತ್ರೆ ನುಂಗುವುದೂ ಅದರಲ್ಲೇ, ಸಾರೂ ಅದರಲ್ಲೇ, ಕಾಫಿಯೂ ಅದರಲ್ಲೇ. ಎಳನೀರಂತೂ ವಿಷ, ಅದರಲ್ಲಿರುವ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಿಬಿಡಬಹುದು. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ, ಹೊಲದ ಬದುವಿನಲ್ಲಿ ನಿಂತ ತೆಂಗಿನಮರವನ್ನು ತಲೆ ಎತ್ತಿ ನೋಡಬೇಡ ಎನ್ನಿಸಿಕೊಳ್ಳುವುದು ಎಂಥ ಶಿಕ್ಷೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಘಟಕ ಇರುವುದು ನೆಲಮಾಳಿಗೆಯಲ್ಲಿ. ಕಿಟಕಿ ಇಲ್ಲ. ಮೊಬೈಲು ತೆರೆದರೆ ಗಿರಗಿರ ತಿರುಗುತ್ತದೆಯೇ ಹೊರತು ಏನೂ ಬರುವುದಿಲ್ಲ. ಗೋಡೆಯ ಟೀವಿಯ ರಿಮೋಟು ಯಾವ ಕಾಲದಲ್ಲೋ ಕಳೆದುಹೋಗಿ, ಜ್ಯೋತಿಷ್ಯ ಹೇಳುವ ಒಂದೇ ಚಾನೆಲ್ಲಿಗೆ ಅಂಟಿಕೊಂಡಿದೆ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ಒಂದು ಕೈಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು, ಆ ಕೈ ಅಲುಗಿಸದೆ ಮಲಗಿರಬೇಕು. ಮಷೀನು ಓಡುವಷ್ಟು ಹೊತ್ತು ನಾನೂ ಎಲ್ಲಿಗೂ ಹೋಗುವಂತಿಲ್ಲ. ಅವರನ್ನು ರಕ್ತ ಹಾಯುವ ಕೊಳವೆಯ ಲೈನು ಹಿಡಿದುಕೊಂಡಿರುತ್ತದೆ, ನನ್ನನ್ನು ಅಲಾರಮ್ಮು.

ಮದ್ದೂರಿನಲ್ಲಿ ನಮ್ಮ ಮನೆ ಹತ್ತಿರ ಬಾಡಿಗೆಗೆ ಕಾದಂಬರಿ ಕೊಡುವ ಅಂಗಡಿಯೊಂದಿತ್ತು. ಅದು ಬಾಗಿಲು ಹಾಕಿದಾಗ ನಾನು ಎರಡು ಗೋಣಿಚೀಲ ತುಂಬ ಕಾದಂಬರಿ ಹೊರಿಸಿಕೊಂಡು ಬಂದಿದ್ದೆ. ಅವುಗಳನ್ನು ಒಂದೊಂದಾಗಿ ಬ್ಯಾಗಿನಲ್ಲಿ ಹಾಕಿಕೊಂಡು ಮಂಡ್ಯಕ್ಕೆ ತರತೊಡಗಿದೆ. ಯಾರಿಗೆ ಯಾವುದು ಹಿಡಿಸುತ್ತದೆ ಎಂದು ಹೇಳುವುದು ಸೂಜಿ ಹಾಕುವುದಕ್ಕಿಂತ ಕಷ್ಟ. ಸೂಜಿಗಾದರೆ ರಕ್ತನಾಳದ ಮೇಲೆ ಬೆರಳಿಟ್ಟರೆ ಝುಂ ಎನ್ನುತ್ತದೆ, ಜಾಗ ತಿಳಿಯುತ್ತದೆ. ಓದುಗರ ಮೇಲೆ ಎಲ್ಲಿ ಬೆರಳಿಡುವುದು? ಮದ್ದೂರಿನ ನಿವೃತ್ತ ಟೀಚರಮ್ಮನಿಗೆ ಸಂಸಾರದ ಕಥೆಯೇ ಆಗಬೇಕು, ಅದರಲ್ಲೂ ಕೊನೆಗೆ ಅತ್ತೆಯೇ ಸೊಸೆಯ ಕೈ ಹಿಡಿದು ಅಳಬೇಕು. ಮಳವಳ್ಳಿಯಿಂದ ಬರುವ ಬೈಕ್ ಮೆಕ್ಯಾನಿಕ್‌ಗೆ ದೆವ್ವ, ಭೂತ, ಪಾಳುಬಂಗಲೆ. ನಾಲ್ಕು ವರ್ಷದಿಂದ ಬರುತ್ತಿದ್ದ ಅವನು ನನ್ನ ಎರಡೂ ಚೀಲದ ದೆವ್ವಗಳನ್ನು ಮುಗಿಸಿ, "ಅಕ್ಕ, ದೆವ್ವ ಖಾಲಿ ಆದ್ರೆ ಕೊಲೆನೂ ನಡೀತದೆ ಬುಡಿ" ಎಂದು ಮುಂದಿನದಕ್ಕೆ ದಾಟಿದ್ದ.

ಒಂದು ದಿನ ಟೀಚರಮ್ಮ ದಪ್ಪದೊಂದು ಸಂಸಾರದ ಕಾದಂಬರಿಯನ್ನು ಎದೆ ಮೇಲೆ ನಿಲ್ಲಿಸಿಕೊಂಡು ಓದುತ್ತಾ ತೂಕಡಿಸಿದರು. ಪುಸ್ತಕ ಜಾರಿ ಸೂಜಿ ಹಾಕಿದ ಕೈಮೇಲೆಯೇ ಬಿತ್ತು. ಸೂಜಿ ಒಳಗೇ ಸರಿದು, ಅಲಾರಮ್ಮು ಕೂಗಿ, ನಾನು ಓಡಿಹೋಗಿ ಪಂಪು ನಿಲ್ಲಿಸುವಷ್ಟರಲ್ಲಿ ತೋಳು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿತ್ತು. ಡಾಕ್ಟರು ಬಂದು ನೋಡಿ, ಇನ್ನು ಪುಸ್ತಕಗಿಸ್ತಕ ಬೇಡ ಎಂದು ಹೇಳಿ ಹೋದರು.

ಎರಡು ದಿನ ಪುಸ್ತಕವಿಲ್ಲದೆ ಕಳೆದವು. ಎಲ್ಲರೂ ಚಾವಣಿ ನೋಡುತ್ತಾ, ಯಾರ ಮಷೀನು ಎಷ್ಟು ಹೊತ್ತು ಉಳಿದಿದೆ ಎಂದು ನನ್ನನ್ನೇ ಮತ್ತೆ ಮತ್ತೆ ಕೇಳುತ್ತಾ ಮಲಗಿದ್ದರು. ನನಗೆ ರೇಗಿಹೋಯಿತು. ತಪ್ಪು ಪುಸ್ತಕದ್ದಲ್ಲ, ದಪ್ಪದ್ದು. ಬ್ಲೇಡು ತೆಗೆದುಕೊಂಡು ಆ ಕಾದಂಬರಿಯ ಬೆನ್ನನ್ನು ಸೀಳಿ ನಾಲ್ಕು ಭಾಗ ಮಾಡಿದೆ. ಒಂದೊಂದರ ಬೆನ್ನಿಗೂ ಸೂಜಿ ಮೇಲೆ ಅಂಟಿಸುವ ಬಿಳಿ ಪ್ಲಾಸ್ಟರು ಸುತ್ತಿದೆ. ಒಂದೇ ಕೈಯಲ್ಲಿ ಹಿಡಿಯಬಹುದು, ಬಿದ್ದರೂ ಎಲೆ ಬಿದ್ದ ಹಾಗೆ. ಟೀಚರಮ್ಮನ ಕಣ್ಣಲ್ಲಿ ನೀರಾಡಿತು.

"ಪುಸ್ತಕ ಕೊಯ್ಯೋದೇನಮ್ಮಾ? ಕಾಲು ತಾಕಿದ್ರೆ ಕಣ್ಣಿಗೊತ್ತಿಕೊಂಡು ಬೆಳೆದವಳು ನಾನು."

"ಓದ್ತೀರೋ, ಕಣ್ಣಿಗೊತ್ತಿಕೊಳ್ತೀರೋ?" ಎಂದೆ. ಒಂದನೇ ಭಾಗಕ್ಕೆ ಕೈ ಚಾಚಿದರು. ಡಾಕ್ಟರೂ ಎತ್ತಿ ನೋಡಿ ಸುಮ್ಮನಾದರು.

ಹೀಗೆ ಭಾಗಗಳು ಒಂದು ಮಂಚದಿಂದ ಇನ್ನೊಂದಕ್ಕೆ ಸಾಗತೊಡಗಿದವು. ಮೊದಲು ಟೀಚರಮ್ಮ, ಅವರ ಹಿಂದೆ ಉಳಿದವರು. ಮುಂದಿದ್ದವರು ಕಥೆ ಬಾಯಿಬಿಡಬಾರದು ಎಂದು ಕಟ್ಟುಪಾಡೂ ಆಯಿತು. ಆಗಲೇ ಬಾಯಾರಿಕೆಯ ಸಮಸ್ಯೆ ಎದ್ದದ್ದು. ಯಾವುದೋ ಕಥೆಯಲ್ಲಿ ನಾಯಕ ಬಿಸಿಲಲ್ಲಿ ನಡೆದುಬಂದು ಹೊಳೆಗೆ ಬಾಯಿಟ್ಟು ಕುಡಿಯುವ ಪುಟ ಓದಿದ ಮೆಕ್ಯಾನಿಕ್, ಮನೆಗೆ ಹೋಗುವ ದಾರಿಯಲ್ಲಿ ಬಸ್ ಸ್ಟ್ಯಾಂಡಿನ ನಲ್ಲಿಗೆ ಬಾಯಿ ಕೊಟ್ಟು, ಮುಂದಿನ ಸಲ ಏದುಸಿರು ಬಿಡುತ್ತಾ ಬಂದ. ಅವನಿಗೆ ಚೆನ್ನಾಗಿ ಬೈದೆ. "ನಂಗಲ್ಲ ಅಕ್ಕ, ಬರ್ದೋನಿಗೆ ಬೈರಿ" ಎಂದ.

ಅದಕ್ಕೆ ಪರಿಹಾರ ಕಂಡುಹಿಡಿದದ್ದು ಟೀಚರಮ್ಮನೇ. ಅವರು ಮೊದಲು ಓದುವವರಾದ್ದರಿಂದ, ನೀರು, ಮಜ್ಜಿಗೆ, ಎಳನೀರು ಬರುವ ಪುಟಗಳನ್ನು ಮಡಿಸಿ ಮೇಲೆ ಪ್ಲಾಸ್ಟರು ಅಂಟಿಸಿಬಿಡುವುದು; ಹಿಂದೆ ಬರುವವರಿಗೆ ಕಥೆ ತಪ್ಪದಂತೆ ಪ್ಲಾಸ್ಟರಿನ ಮೇಲೆ ಒಂದು ಸಾಲು ಬರೆಯುವುದು. 'ಇಲ್ಲಿ ಕಾಫಿ ಕುಡಿದರು, ಮದುವೆ ಮಾತು ಮುಂದೆ ಹೋಗಲಿಲ್ಲ.' 'ನದಿಯ ವರ್ಣನೆ, ಬೇಕಾಗಿಲ್ಲ.' ದುಂಡಗಿನ ಅಕ್ಷರ, ಕೆಂಪು ಪೆನ್ನು. ಎಲ್ಲರಿಗೂ ಈ ಏರ್ಪಾಡು ಬಹಳ ಹಿಡಿಸಿತು, ನನಗೂ.

ಆ ದಿನಗಳಲ್ಲೇ ಕೊತ್ತತ್ತಿ ಕಡೆಯ ಆಲೆಮನೆಯ ಯಜಮಾನರು ನಮ್ಮಲ್ಲಿಗೆ ಬಂದದ್ದು. ಐವತ್ತು ದಾಟಿದ ಗಟ್ಟಿ ಆಳು. ಹುಟ್ಟಿದಾಗಿನಿಂದ ಕುದಿಯುವ ಕೊಪ್ಪರಿಗೆಯ ಮುಂದೆ ನಿಂತವರು, ಬೆಲ್ಲದ ಹದ ನೋಡುವುದರಲ್ಲಿ ಅವರನ್ನು ಬಿಟ್ಟರಿಲ್ಲವಂತೆ. ಸುತ್ತ ಹತ್ತು ಜನಕ್ಕೆ ಕೂಗಿ ಕೆಲಸ ಹೇಳಿದ ಗಂಟಲು; ಮಷೀನು ಕಂಡ ಮೊದಲ ದಿನ ಘಟಕವೆಲ್ಲ ಕೇಳುವ ಹಾಗೆ, "ಇದೇನಮ್ಮ, ಎತ್ತು ಕಟ್ಟಾಕ್ದಂಗೆ ಕಟ್ಟಾಕ್ತೀರಾ?" ಎಂದರು.

ಅವರನ್ನು ತೂಕ ನೋಡಲು ಕಳಿಸಿದ ಸಮಯ ನೋಡಿ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ಮೇಡಮ್ಮಾರೇ, ಜಲ್ಮಪೂರ್ತಿ ಅಂದಿದ್ರೆ ಅವ್ರು ಬತ್ತಾನೇ ಇರ್ನಿಲ್ಲ. ಸತ್ರೂ ಸರಿ ಮಿಷಿನ್‌ಗೆ ಕೈ ಕೊಡಾಕಿಲ್ಲ ಅಂತ ಕುಂತ್ಬುಟ್ಟಿದ್ರು. ಮೂರು ತಿಂಗ್ಳು ಕೋರ್ಸು, ಆಮೇಲೆ ವಾಸಿ ಆಯ್ತದೆ ಅಂತ ಯೋಳಿ ಕರ್ಕಂಬಂದಿವಿ. ನಿಮ್ಮ ಬಾಯಿಂದ ಬರದು ಬ್ಯಾಡ ಕಣವ್ವ."

ಅವರ ಎರಡೂ ಮೂತ್ರಪಿಂಡ ಹೋಗಿದ್ದವು. ಬೇರೆಯವರದು ಜೋಡಿಸುವ ದಾರಿಯೂ ಅವರ ಹೃದಯದ ದೆಸೆಯಿಂದ ಮುಚ್ಚಿತ್ತು. ಬದುಕಿರುವ ತನಕ ಬರಲೇಬೇಕಾದವರು. ನಾನು ಡಾಕ್ಟರ ಬಳಿ ಮಾತೆತ್ತಿದೆ. "ಮನೆಯವರಿಗೆಲ್ಲ ವಿವರವಾಗಿ ಹೇಳಿದೀನಿ. ಅವರೇ ನಿಧಾನಕ್ಕೆ ಹೇಳ್ತಾರೆ, ನೀವು ಮಧ್ಯೆ ಹೋಗಬೇಡಿ" ಎಂದರು. ಮನೆಯವರ ನಿಧಾನ ಯಾವಾಗ ಮುಗಿಯುತ್ತದೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪುಸ್ತಕ ಬೇಕೇ ಎಂದು ಕೇಳಿದರೆ ಯಜಮಾನರು ನಕ್ಕರು. "ಕತೆ ಓದ್ಕಂಡು ಕುಂತ್ಕಳಕ್ಕೆ ನಾನೇನು ಇಲ್ಲೇ ಇರಾಕ್ ಬಂದಿದ್ದೀನಾ? ಸಂಕ್ರಾಂತಿ ಒಳ್ಗೆ ನಾನು ಆಲೆಮನೇಲಿರ್ಬೇಕು." ಆದರೆ ಎರಡನೇ ವಾರಕ್ಕೇ ಚಾವಣಿ ನೋಡಿ ಸಾಕಾಗಿ, "ತೆಳ್ಳಗಿರದು ಯಾವ್ದಾದ್ರೂ ಇದ್ರೆ ಕೊಡಿ" ಎಂದರು. ತೆಳ್ಳಗಿನದು ನನ್ನ ಬಳಿ ಇರಲಿಲ್ಲ. ಒಂದು ಪತ್ತೇದಾರಿ ಕಾದಂಬರಿಯ ಮೊದಲನೇ ಭಾಗ ಮಾತ್ರ ಆ ಹೊತ್ತಿಗೆ ಟೀಚರಮ್ಮನಿಂದ ವಾಪಸು ಬಂದಿತ್ತು. ಅದನ್ನೇ ಕೊಟ್ಟೆ. ಊರ ದೊಡ್ಡ ಗೌಡ ಒಳಗಿಂದ ಅಗುಳಿ ಹಾಕಿದ ಮಹಡಿ ಕೋಣೆಯಲ್ಲಿ ಸತ್ತುಬಿದ್ದಿರುತ್ತಾನೆ. ಮನೆಯಲ್ಲಿ ಅಡುಗೆಯವನು, ಭಾಮೈದ, ಎರಡನೇ ಹೆಂಡತಿ, ಒಬ್ಬ ಗುಮಾಸ್ತ.

ಮುಗಿಸಿದವರೇ ಕೂಗಿದರು. "ಯೋ, ಇದೇನಮ್ಮ, ಕೊಂದೋನು ಯಾರು ಅಂತ್ಲೇ ಬರ್ದಿಲ್ವಲ್ಲ!"

"ಇನ್ನೂ ಮೂರು ಭಾಗ ಇದೆ."

"ತೆಳ್ಳಗದೆ ಅಂತ ಕೊಟ್ಟು ಇಂಗೆ ತಗಲಾಕದಾ? ನೀನು ಮೋಸಗಾತಿ ಕಣವ್ವ." ಅವರಿಗೆ ಸಿಟ್ಟಿಗಿಂತ ಖುಷಿಯೇ ಹೆಚ್ಚಾಗಿತ್ತು. ಮಾತು ನನಗೆ ಎಲ್ಲಿಗೆ ತಾಗಿತೆಂದು ಅವರಿಗೆ ಗೊತ್ತಾಗಲಿಲ್ಲ.

ಅಂದಿನಿಂದ ಅವರು ಬೇಗ ಬರತೊಡಗಿದರು. ಪಕ್ಕದ ಮಂಚ ಮೆಕ್ಯಾನಿಕ್‌ನದು, ಓದುವ ಸರದಿಯಲ್ಲೂ ಅವನು ಇವರ ಹಿಂದೆ. ಇಬ್ಬರಿಗೂ ನಾಲ್ಕು ಗಂಟೆ ಜಗಳ, ಪುಟ ಮಗುಚುವುದೇ ಅಪರೂಪ. ಯಜಮಾನರ ಪ್ರಕಾರ ಕೊಲೆಗಾರ ಅಡುಗೆಯವನು. "ಊಟ ಹಾಕೋ ಕೈಯೇ ಕೊಲ್ಲೋದು ಕಣ್ಲಾ ತಮ್ಮ." ಮೆಕ್ಯಾನಿಕ್ ಭಾಮೈದ ಎನ್ನುತ್ತಿದ್ದ. ಟೀಚರಮ್ಮ ಎಲ್ಲ ತಿಳಿದವರಂತೆ ಸೆರಗಿನೊಳಗೆ ನಗುತ್ತಿದ್ದರು.

ಒಂದು ಸಲ ಜಗಳದ ನಡುವೆ ಯಜಮಾನರು ಇದ್ದಕ್ಕಿದ್ದಂತೆ ಕೇಳಿದರು: "ನಿಂಗೆ ಕೋರ್ಸು ಎಷ್ಟು ತಿಂಗ್ಳುದ್ಲಾ?" ಮೆಕ್ಯಾನಿಕ್ ನನ್ನ ಮುಖ ನೋಡಿದ. ನಾನು ಮಷೀನಿನ ಒತ್ತಡ ನೋಡುವವಳಂತೆ ಬೆನ್ನು ತಿರುಗಿಸಿದೆ. ಟೀಚರಮ್ಮ, "ಅವರವರ ಕೇಸು ಬೇರೆ ಬೇರೆ ಇರುತ್ತೆ ಯಜಮಾನ್ರೇ" ಎಂದರು. ಮೆಕ್ಯಾನಿಕ್, "ನಂದು ಸ್ವಲ್ಪ ಉದ್ದ ಕಣಣ್ಣ" ಎಂದು ಪುಸ್ತಕದೊಳಗೆ ಮುಖ ಹುದುಗಿಸಿದ. ಇಡೀ ಸಾಲಿಗೆ ಸಾಲೇ ಬಾಯಿ ಹೊಲಿದುಕೊಂಡಿತ್ತು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಮೂರು ತಿಂಗಳು ಮುಗಿದವು. ಕೊನೆಯ ದಿನ ಯಜಮಾನರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಒಂದು ಚೀಲದಲ್ಲಿ ಅಚ್ಚುಬೆಲ್ಲ ತಂದರು. ಮಂಚ ಮಂಚಕ್ಕೂ ಹೋಗಿ ಹಂಚಿದರು. ಅಲ್ಲಿದ್ದವರಲ್ಲಿ ಅರ್ಧ ಜನ ಸಕ್ಕರೆ ಕಾಯಿಲೆಯವರು, ಉಳಿದವರಿಗೂ ಬೆಲ್ಲ ಆಗದು. ಎಲ್ಲರೂ ಸೂಜಿಯಿಲ್ಲದ ಕೈ ಚಾಚಿ ತೆಗೆದುಕೊಂಡು, ಒಳ್ಳೇದಾಗಲಿ, ಹೋಗಿ ಬನ್ನಿ ಎಂದರು. ಡಾಕ್ಟರು, "ಇನ್ನೂ ಸ್ವಲ್ಪ ದಿನ ಬರಬೇಕಾಗುತ್ತೆ ಯಜಮಾನ್ರೇ" ಎಂದರೆ, "ಆಸ್ಪತ್ರೆಯೋರು ಯಾವತ್ತು ಸಾಕು ಅಂದಿದ್ದೀರಾ ಬುಡಿ ಸಾ" ಎಂದು ನಗೆಯಾಡಿದರು. ನಾನು ಹೆಂಡತಿಯ ಕಡೆ ನೋಡಿದೆ. ಆಕೆ ಬಾಗಿಲ ಮರೆಯಲ್ಲಿ ಪಿಸುಗುಟ್ಟಿದರು: "ಎರಡು ದಿಸ ಬುಡಿ ಮೇಡಮ್ಮಾರೇ. ಕಾಲು ಊದ್ಕಂಡ್ರೆ ತಾವೇ ಬತ್ತಾರೆ."

ಹೊರಡುವಾಗ ಯಜಮಾನರು ಕಾದಂಬರಿಯ ಉಳಿದ ಎರಡು ಭಾಗ ಕೇಳಿದರು. ಮನೆಗೆ ಕೊಡುವ ಪದ್ಧತಿ ಇರಲಿಲ್ಲ. ಅಂದು ಇಲ್ಲ ಎನ್ನಲು ನನ್ನಿಂದಾಗಲಿಲ್ಲ. ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ಹೋದರು. ಮೆಟ್ಟಿಲಿನ ನಡುವೆ ಒಂದು ಸಲ ನಿಂತು ಉಸಿರು ತೆಗೆದುಕೊಂಡದ್ದನ್ನು ನಾನು ನೋಡಿದೆ.

ಮುಂದಿನ ಸರದಿಯ ದಿನ ಅವರು ಬರಲಿಲ್ಲ. ಬರುವವರಿಗಾಗಿ ನಾವು ಮೊದಲೇ ಮಷೀನು ಅಣಿ ಮಾಡಿರುತ್ತೇವೆ. ಲೈನುಗಳಿಗೆ ಸಲೈನ್ ತುಂಬಿ, ಒಳಗಿನ ಗಾಳಿಯನ್ನು ತಟ್ಟಿ ತಟ್ಟಿ ಹೊರಡಿಸಿ, ಒಂದು ಗುಳ್ಳೆಯೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಕಾಯುವುದು. ಕಾದೆ. ಎಲ್ಲವನ್ನೂ ಬಿಚ್ಚಿ ಕಸಕ್ಕೆ ಹಾಕಿದೆ. ಅದರ ಮುಂದಿನ ಸಲವೂ ಹಾಗೆಯೇ. ಫೋನು ಮಾಡಿದರೆ ಹೆಂಡತಿ ಅಳುತ್ತಿದ್ದರು. "ಇನ್ನೊಂದು ತಿಂಗ್ಳು ಓಗದಾ ಅಂದೆ. ಮೂರು ಅಂದ್ರೆ ಮೂರು, ಇನ್ನೇನು ನಿನ್ ಮಾತು ಅಂತ ಮ್ಯಾಲೇ ಬಿದ್ರು. ನಾನೇನ್ ಮಾಡ್ಲವ್ವಾ." ಸುಳ್ಳು ಹೇಳಿ ಕರೆತಂದವರು ಈಗ ಆ ಸುಳ್ಳನ್ನು ಬಿಟ್ಟು ಹೊರಬರಲಾರದೆ ಕೂತಿದ್ದರು. ಡಾಕ್ಟರು ತಾವೇ ಫೋನು ಮಾಡಿದರು, ಯಜಮಾನರು ಎತ್ತಲಿಲ್ಲ.

ಮೂರನೇ ಸಲವೂ ಮಂಚ ಖಾಲಿ ಇತ್ತು. ವಾರವಿಡೀ ರಕ್ತ ತೊಳೆಯದಿದ್ದರೆ ಏನಾಗುತ್ತದೆ ಎಂದು ಆ ಕೋಣೆಯಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಮೆಕ್ಯಾನಿಕ್ ಪುಸ್ತಕ ಕೇಳಲಿಲ್ಲ, ಟೀವಿಯ ಕಡೆಯೂ ನೋಡಲಿಲ್ಲ. ಸೂಜಿ ತೆಗೆಯುವಾಗ ಮೆಲ್ಲಗೆ ಹೇಳಿದ: "ಅಕ್ಕ, ಪುಸ್ತಕ ಇಸ್ಕಂಬರಕ್ಕೆ ಅಂತ ಓಗಿ. ನಾನು ಕಾಯ್ತಾವ್ನಿ ಅಂತ ಯೋಳಿ. ಸುಳ್ಳಲ್ವಲ್ಲ."

ಅವತ್ತು ಕೆಲಸ ಮುಗಿಸಿ ಮದ್ದೂರಿನ ಬಸ್ಸಿಗೆ ಹೋಗದೆ ಕೊತ್ತತ್ತಿ ಕಡೆಯ ಬಸ್ಸು ಹತ್ತಿದೆ. ನಾಲೆಯ ಪಕ್ಕದಲ್ಲಿ ಇಳಿದರೆ ಆಲೆಮನೆ ಕೇಳಿ ತಿಳಿಯಬೇಕಾಗಿರಲಿಲ್ಲ, ಹೊಗೆ ಕಾಣುತ್ತಿತ್ತು, ವಾಸನೆ ಬರುತ್ತಿತ್ತು. ಯಜಮಾನರು ಕೊಪ್ಪರಿಗೆಯಿಂದ ಸ್ವಲ್ಪ ದೂರದಲ್ಲಿ ಮಂಚದ ಮೇಲೆ ಕೂತಿದ್ದರು. ಒರಗಿಕೊಂಡಿರಲಿಲ್ಲ, ಎದೆಗೆ ನೀರು ತುಂಬಿದವರು ಒರಗಲಾರರು. ಕಾಲು ಊದಿ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿದಿತ್ತು. ಆದರೂ ಕೂಗುತ್ತಿದ್ದರು. ಒಂದು ಮಾತು, ಒಂದು ಉಸಿರು. ಒಂದು ಮಾತು, ಒಂದು ಉಸಿರು.

ನನ್ನನ್ನು ಕಂಡು ಮುಖ ಅರಳಿತು. "ಬನ್ನಿ ಬನ್ನಿ ಮೇಡಮ್ಮು! ಲೇ, ಹಾಲು ತತ್ತಾ." ಆಲೆಮನೆಗೆ ಬಂದವರನ್ನು ಕಬ್ಬಿನ ಹಾಲು ಕೊಡದೆ ಕಳಿಸುವುದು ಆ ಕಡೆ ಇಲ್ಲವೇ ಇಲ್ಲ. ಆಳು ದೊಡ್ಡ ಲೋಟಗಳೆರಡನ್ನು ತುಂಬಿ ತಂದ. ಒಂದು ನನಗೆ, ಇನ್ನೊಂದು ಅವರಿಗೆ. ಅವರ ಮಂಚದ ಕೆಳಗೆ ಆಗಲೇ ಖಾಲಿಯಾದ ಲೋಟವೊಂದು ಉರುಳಿತ್ತು. ಹೆಂಡತಿ ಗುಡಿಸಲಿನ ಕಂಬ ಹಿಡಿದು ನನ್ನನ್ನೇ ನೋಡುತ್ತಿದ್ದರು.

"ಪುಸ್ತಕ ಇಸ್ಕೊಂಡು ಹೋಗೋಣ ಅಂತ ಬಂದೆ. ತಮ್ಮ ಕಾಯ್ತಾ ಇದ್ದಾನೆ" ಎಂದೆ.

ಅವರು ದಿಂಬಿನ ಕೆಳಗಿಂದ ಎರಡೂ ಭಾಗ ತೆಗೆದರು. ಮೂರನೇ ಭಾಗದಲ್ಲಿ ಟೀಚರಮ್ಮ ಅಂಟಿಸಿದ್ದ ಪ್ಲಾಸ್ಟರು ಕಿತ್ತುಬಂದಿತ್ತು. ಕಾಗದವೂ ಒಂದಿಷ್ಟು ಹರಿದಿತ್ತು. ಕಿತ್ತ ಪ್ಲಾಸ್ಟರನ್ನು ಬಿಸಾಡದೆ ಅಲ್ಲೇ ಇಟ್ಟಿದ್ದರು. ಅದರ ಮೇಲೆ ಕೆಂಪು ಅಕ್ಷರ: 'ಎಲ್ಲರೂ ಮಜ್ಜಿಗೆ ಕುಡಿದರು. ಬೇರೆ ವಿಶೇಷವಿಲ್ಲ.'

"ಎಲ್ರೂ ಕುಡೀನಿಲ್ಲ ಕಣಮ್ಮ," ಎಂದರು ಯಜಮಾನರು. "ಶುಂಟಿ, ಕರಿಬೇವು, ಕೊತ್ತಂಬ್ರಿ ಅಂತ ಮೂರು ಪುಟ ಮಜ್ಜಿಗೆ ಬರ್ದವ್ನೆ. ಆ ಸಾಲ್ನಾಗೆ ಸೇರ್ಸಿ ಒಂದು ಸಣ್ಣ ಮಾತೈತೆ. ಗುಮಾಸ್ತ ಲೋಟ ಕೈಲಿ ಇಡ್ಕಂಡೇ ಇರ್ತಾನೆ, ಬಾಯ್ಗಿಕ್ಕದೇ ಇಲ್ಲ. ಅವತ್ತು ರಾತ್ರಿ ಎಲ್ರಿಗೂ ವಾಂತಿ, ಇವನೊಬ್ಬನಿಗಿಲ್ಲ. ಗೌಡ ಮೊದ್ಲೇ ಎದೆ ಬ್ಯಾನೆಯೋನು, ತಡ್ಕಳಕ್ಕಾಗದೆ ಸತ್ತ. ಇದನ್ನ ಮುಚ್ಬುಟ್ರೆ ನಾನು ಅಡ್ಗೆಯೋನ್ನೇ ಬೈಕಂಡು ಕುಂತಿರ್ಬೇಕಾಗಿತ್ತು."

ಟೀಚರಮ್ಮನ ತಪ್ಪೇನಿರಲಿಲ್ಲ. ಮೂರು ಪುಟ ಮಜ್ಜಿಗೆಯನ್ನು ಬಾಯಾರಿದವರು ನಿಧಾನವಾಗಿ ಓದುವುದು ಹೇಗೆ? ಕಣ್ಣು ಮುಚ್ಚಿ ಹಾರಿಸಿ, ಅಂಟಿಸಿಬಿಟ್ಟಿದ್ದರು. ನಮಗೆಲ್ಲರಿಗೂ ಒಳ್ಳೆಯದಾಗಲೆಂದೇ ಮಾಡಿದ್ದು.

ಯಜಮಾನರು ಲೋಟ ಎತ್ತಲಿಲ್ಲ. ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು, ಹೆಂಡತಿಯ ಕಡೆ ನೋಡದೆ, ನನ್ನನ್ನೇ ನೋಡುತ್ತಾ ಕೇಳಿದರು. "ನೀವು ತೆಳ್ಳಗಿರೋ ಬುಕ್ಕು ಅಂತ ಕೊಟ್ರಿ. ಇವ್ಳು ಮೂರು ತಿಂಗ್ಳು ಅಂದ್ಲು. ಆ ತಮ್ಮ ನಾಕು ವರ್ಸದಿಂದ ಬತ್ತಾವ್ನಂತೆ, ಆಳೊಬ್ಬ ಮಳವಳ್ಳಿಯೋನು ನಿನ್ನೆ ಯೋಳ್ದ. ನಾನೂ ಅಂಗೇನಾ?"

ಹೆಂಡತಿ ಕಂಬದ ಹತ್ತಿರದಿಂದ ತಲೆಯಾಡಿಸಿದರು, ಬೇಡ, ಬೇಡ ಎಂದು. ಡಾಕ್ಟರು ಹೇಳಿದ್ದೂ ನೆನಪಿತ್ತು. ಜನ್ಮಪೂರ್ತಿ ಎಂದು ಗೊತ್ತಾದರೆ ಬರುವುದಿಲ್ಲ ಎಂಬ ಆಕೆಯ ಭಯ ಸುಳ್ಳಲ್ಲ. ಹೇಳಿದರೆ ಇವರು ಹಟ ಹಿಡಿದು ಇಲ್ಲೇ ಕೂತು ಸಾಯಬಹುದು. ಹೇಳದಿದ್ದರೆ ಖಂಡಿತ ಸಾಯುತ್ತಾರೆ, ನಾಳೆಯೋ ನಾಡಿದ್ದೋ, ಏಕೆಂದು ಗೊತ್ತಿಲ್ಲದೆ. ನನಗೆ ಭಯವಾಯಿತು. ನನ್ನ ಕೈಯ ಲೋಟವನ್ನು ಕೆಳಗಿಟ್ಟೆ.

"ಹೌದು," ಎಂದೆ. "ನೀವೂ ಹಾಗೇ. ಮೂರು ತಿಂಗಳದ್ದಲ್ಲ. ಇರೋ ತನಕ ಬರಬೇಕು. ಬಂದರೆ ಇರ್ತೀರಿ. ಆ ಲೋಟ ಕುಡಿದರೆ ಇರಲ್ಲ."

ಕೊಪ್ಪರಿಗೆಯಲ್ಲಿ ಪಾಕ ಉಕ್ಕುತ್ತಿತ್ತು. ಆಳುಗಳೂ ನಿಂತುಬಿಟ್ಟಿದ್ದರು. ಯಜಮಾನರು ಎರಡೂ ಭಾಗ ಜೋಡಿಸಿ ನನ್ನ ಕೈಗಿಟ್ಟು, "ಓಗಿ ನೀವು" ಎಂದರು. ಅಷ್ಟೇ. ಹೆಂಡತಿ ರಸ್ತೆಯ ತನಕ ನನ್ನ ಹಿಂದೆಯೇ ಬಂದರು. ಬಸ್ಸು ಬರುವವರೆಗೂ ಬೈದರು. "ನಿಮ್ಗೇನು ಬಂದಿತ್ತಮ್ಮ? ಎಂಗೋ ಒಪ್ಸಿ ಕರ್ಕಂಬತ್ತಿದ್ದೆ. ಕೊಂದ್ಬುಟ್ರಿ ಅವ್ರನ್ನ, ಕೊಂದ್ಬುಟ್ರಿ." ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದರೂ ನೆಲಮಾಳಿಗೆಯಲ್ಲಿದ್ದಂತೆಯೇ ಇತ್ತು.

ಮಾರನೆಯ ದಿನ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಸರಿ ಮಾಡಿದಿರಿ ಎಂದೂ ಹೇಳಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ, "ನಾಳೆ ಸರದಿಗೆ ಅವರ ಮಷೀನು ಅಣಿ ಮಾಡಿ ಇಡಿ" ಎಂದರು.

ಮಾಡಿದೆ. ಸಲೈನ್ ತುಂಬಿದೆ, ಲೈನು ತಟ್ಟಿದೆ, ಗುಳ್ಳೆ ಹೊರಡಿಸಿದೆ. ಮೆಕ್ಯಾನಿಕ್‌ಗೆ ಮೂರನೇ ಭಾಗ ಕೊಟ್ಟರೆ ಮುಟ್ಟಲಿಲ್ಲ. "ಅಣ್ಣ ಬರ್ಲಿ. ಒಬ್ನೇ ಓದುದ್ರೆ ಜಗಳ ಯಾರತ್ರ ಆಡದು?" ಟೀಚರಮ್ಮನಿಗೆ ಗುಮಾಸ್ತನ ವಿಷಯ ಹೇಳಿದ್ದೆ. ಅವರು ಕೆಂಪು ಪೆನ್ನನ್ನು ಚೀಲದೊಳಗೆ ಹಾಕಿ, ಗೋಡೆಯ ಕಡೆ ತಿರುಗಿ ಮಲಗಿದ್ದರು. ಹೊತ್ತು ಹೋಯಿತು. ಇನ್ನು ಬಿಚ್ಚುವುದೇ ಎಂದು ಲೈನಿಗೆ ಕೈ ಹಾಕಿದ್ದೆ.

ಮೆಟ್ಟಿಲಿನ ಮೇಲೆ ಉಸಿರಿನ ಸದ್ದು ಮೊದಲು ಕೇಳಿತು. ಯಜಮಾನರನ್ನು ಆಲೆಮನೆಯ ಆಳೊಬ್ಬ ಒಂದು ಕಡೆ, ಹೆಂಡತಿ ಒಂದು ಕಡೆ ಹಿಡಿದು ಇಳಿಸುತ್ತಿದ್ದರು. ತುಟಿ ನೀಲಿಯಾಗಿತ್ತು. ಮಾತಿಗೆ ಸಮಯವಿರಲಿಲ್ಲ. ತಲೆಯ ಕಡೆ ಎತ್ತರಿಸಿ, ಆಕ್ಸಿಜನ್ ಹಾಕಿ, ಡಾಕ್ಟರು ಹೃದಯದ ಬಡಿತ ನೋಡುತ್ತಾ ನಿಂತಂತೆ ನಾನು ಸೂಜಿ ಹಾಕಿದೆ. ಊದಿದ ತೋಳಿನಲ್ಲಿ ರಕ್ತನಾಳ ಸಿಗದೆ ಬೆರಳು ಮತ್ತೆ ಮತ್ತೆ ಜಾರಿತು. ಕೊನೆಗೆ ಆ ಝುಂ ಸಿಕ್ಕಿತು. ಮಷೀನು ತಿರುಗಿತು. ಒಂದೇ ಸಲಕ್ಕೆ ಅಷ್ಟೂ ನೀರು ತೆಗೆದರೆ ರಕ್ತದೊತ್ತಡ ಕುಸಿಯುತ್ತದೆ, ಹಾಗಾಗಿ ಮೆಲ್ಲಗೆ, ಬಹಳ ಮೆಲ್ಲಗೆ ತೆಗೆದೆವು. ಎರಡು ಗಂಟೆ ಕಳೆದ ಮೇಲೆ ತುಟಿಗೆ ಬಣ್ಣ ಬಂತು. ಕಣ್ಣು ತೆರೆದಿದ್ದವು, ಚಾವಣಿಯ ಮೇಲೆ ನೆಟ್ಟಿದ್ದವು. ಪುಸ್ತಕ ಕೇಳಲಿಲ್ಲ. ಹೆಂಡತಿಯ ಜೊತೆ ಮಾತಾಡಲಿಲ್ಲ. ಆಕೆ ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದರು. ಮೆಕ್ಯಾನಿಕ್, ಟೀಚರಮ್ಮ ಇಬ್ಬರೂ ತಮ್ಮ ಸರದಿ ಮುಗಿದಿದ್ದರೂ ಮನೆಗೆ ಹೋಗಿರಲಿಲ್ಲ.

ಕೊನೆಗೆ ಸೂಜಿ ತೆಗೆದು, ರಕ್ತ ನಿಲ್ಲಲೆಂದು ಹತ್ತಿಯಿಟ್ಟು ಒತ್ತಿ ಹಿಡಿದು ನಿಂತೆ. ಆ ಹೊತ್ತಿನಲ್ಲಿ ನಾವೂ ಅವರೂ ಬಿಡಿಸಿಕೊಳ್ಳುವಂತಿಲ್ಲ, ಮುಖಕ್ಕೆ ಮುಖ.

"ನಿಮ್ಮತ್ರ ಎಲ್ಲಕ್ಕಿಂತ ದಪ್ಪದ್ದು ಯಾವ್ದೈತೆ?" ಎಂದರು ಯಜಮಾನರು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. "ಒಂದಿದೆ," ಎಂದೆ. "ಮೂರು ತಲೆಮಾರಿನ ಕಥೆ. ಯಾರೂ ಕೇಳಿಲ್ಲ ಅಂತ ಚೀಲದ ತಳದಲ್ಲೇ ಉಳಿದಿದೆ. ಆದ್ರೆ ಹೊಳೆದಡದ ಊರಿಂದು. ಪುಟಪುಟಕ್ಕೂ ನೀರು."

"ಇರ್ಲಿ. ಪ್ಲಾಸ್ಟರ್ ಹಾಕ್ಬ್ಯಾಡಿ." ಗೋಡೆಯ ಕಡೆ ತಿರುಗಿದ್ದ ಟೀಚರಮ್ಮ ಇತ್ತ ತಿರುಗಿದರು. ಯಜಮಾನರು ಬಾಗಿಲಿನಾಚೆ ಕೂತಿದ್ದ ಹೆಂಡತಿಯ ಕಡೆ ಒಂದು ಸಲ ನೋಡಿ, ಮತ್ತೆ ನನ್ನ ಕಡೆ ನೋಡಿದರು. ಗಂಟಲು ಹಳೆಯ ಗಂಟಲಾಗಿರಲಿಲ್ಲ.

"ಅದು ಮುಗ್ಯೋದ್ರೊಳ್ಗೆ ಇನ್ನೊಂದು ನೋಡಿ ಮಡಗಿ."